ಗಡಿಯಾರವನ್ನು ಏನು ಕೇಳಬೇಕು

ಪ್ರೀತಿಯ ಮಗಳೇ,

ನಿನ್ನ ಪತ್ರ ಓದಿದೆ. ಒಂದೇ ದಾಖಲೆ ಎರಡು ಸರ್ವರ್‌ಗಳಲ್ಲಿ ಬದಲಾದರೆ, ಟೈಮ್‌ಸ್ಟ್ಯಾಂಪ್ (ಬರೆದಾಗ ಸರ್ವರ್ ಹಾಕುವ ಸಮಯದ ಗುರುತು) ನೋಡಿ ಹೊಸದನ್ನು ಉಳಿಸಿಕೊಳ್ಳುತ್ತೇವೆ ಅಂತ ಬರೆದಿದ್ದೀಯ. ಆ ಸಾಲು ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ನಾನೂ ಒಮ್ಮೆ ಹಾಗೇ ಮಾಡಿದ್ದೆ. ನಮ್ಮ ಎರಡು ಸರ್ವರ್‌ಗಳಲ್ಲಿ ಒಂದರ ಗಡಿಯಾರ ಮೂರು ಸೆಕೆಂಡ್ ಮುಂದಿತ್ತು. ಒಬ್ಬರು ಅದರಲ್ಲಿ ತಮ್ಮ ವಿಳಾಸ ಬರೆದರು. ತಪ್ಪು ಕಣ್ಣಿಗೆ ಬಿತ್ತು, ತಕ್ಷಣ ತಿದ್ದಿದರು. ತಿದ್ದಿದ್ದು ಇನ್ನೊಂದು ಸರ್ವರ್‌ಗೆ ಹೋಯಿತು. ಅಲ್ಲಿ ಬಿದ್ದ ಸಮಯ ಮೊದಲನೆಯದಕ್ಕಿಂತ ಹಿಂದಿನದು! ಸರಿಯಾದ ವಿಳಾಸ ಅಳಿಸಿಹೋಯಿತು, ತಪ್ಪು ವಿಳಾಸ ಉಳಿಯಿತು. ಎರರ್ ಇಲ್ಲ, ನಡೆದದ್ದನ್ನು ಬರೆದಿಡುವ ಲಾಗಿನಲ್ಲೂ ಏನೂ ಇಲ್ಲ. ನಮ್ಮನ್ನು ನಂಬಿ ಬರೆದವರ ಮಾತನ್ನು ನಾವೇ ಅಳಿಸಿದ್ದೆವು. ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಆ ಗಡಿಯಾರ ಕೆಟ್ಟಿತ್ತು ಅಂದುಕೊಳ್ಳಬೇಡ. ಕ್ವಾರ್ಟ್ಜ್ ಗಡಿಯಾರ ಹತ್ತು ಲಕ್ಷಕ್ಕೆ 20 ಪಾಲು ತಪ್ಪಿದರೂ ಸಾಕು, ದಿನಕ್ಕೆ ಸುಮಾರು 1.7 ಸೆಕೆಂಡ್ ಆಚೀಚೆ ಆಗುತ್ತದೆ. ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ಎನ್‌ಟಿಪಿ ಅದನ್ನು ಸರಿಮಾಡುತ್ತದೆ, ನಿಜ. ಆದರೆ ಸರಿಮಾಡುವಾಗ ಸಮಯವನ್ನು ಹಿಂದಕ್ಕೂ ತಳ್ಳಬಹುದು. 2012ರ ಜೂನ್ 30ರಂದು ಭೂಮಿಯ ತಿರುಗುವಿಕೆಗೆ ಹೊಂದಿಸಲು ಒಂದೇ ಒಂದು ಹೆಚ್ಚುವರಿ ಸೆಕೆಂಡ್ (ಲೀಪ್ ಸೆಕೆಂಡ್) ಸೇರಿಸಿದ್ದಕ್ಕೆ ಎಷ್ಟೋ ಲಿನಕ್ಸ್ ಸರ್ವರ್‌ಗಳು ಒದ್ದಾಡಿದವು.

ಹಾಗಾಗಿ ಕೋಡ್ ಬರೆಯುವ ಮುಂಚೆ ನಿನ್ನನ್ನೇ ಕೇಳಿಕೋ. ಬೇಕಿರುವುದು ‘ಎಷ್ಟು ಗಂಟೆಗೆ ಆಯಿತು’ ಅನ್ನುವುದಾ, ‘ಯಾವುದಾದ ಮೇಲೆ ಯಾವುದು’ ಅನ್ನುವುದಾ?

ಎರಡನೆಯದಕ್ಕೆ ಗಂಟೆಯೇ ಬೇಡ ಅಂತ ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ತೋರಿಸಿದರು. ಪ್ರತಿ ಸರ್ವರ್‌ನಲ್ಲೂ ಒಂದು ಎಣಿಕೆ ಇಡು. ಏನಾದರೂ ನಡೆದರೆ ಒಂದು ಕೂಡಿಸು. ಸಂದೇಶ ಕಳಿಸಿದರೆ ಆ ಸಂಖ್ಯೆಯನ್ನೂ ಜೊತೆಗೆ ಕಳಿಸು. ಸಂದೇಶ ಪಡೆದ ಸರ್ವರ್, ತನ್ನ ಸಂಖ್ಯೆ ಮತ್ತು ಬಂದ ಸಂಖ್ಯೆಯಲ್ಲಿ ದೊಡ್ಡದಕ್ಕೆ ಒಂದು ಕೂಡಿಸಿಕೊಳ್ಳಲಿ. ಅಷ್ಟೇ! ನನ್ನ ಕಥೆಯಲ್ಲಿ ತಪ್ಪು ವಿಳಾಸದ ಸಂಖ್ಯೆ 7 ಆಗಿದ್ದರೆ, ತಿದ್ದಿದ್ದಕ್ಕೆ ಕಡಿಮೆ ಅಂದರೂ 8 ಸಿಗುತ್ತಿತ್ತು. ಆದರೆ ಆ 7 ಅನ್ನು ಮೊದಲ ಸರ್ವರ್‌ನಿಂದ ಇನ್ನೊಂದಕ್ಕೆ ಬರೆದವರ ಬ್ರೌಸರ್ ಹೊತ್ತು ತರಬೇಕು. ಇದನ್ನು ಮರೆಯುವವರೇ ಜಾಸ್ತಿ.

ಇನ್ನೊಂದು ಎಚ್ಚರ. ಸಂಖ್ಯೆ ಚಿಕ್ಕದು ಅಂದಮಾತ್ರಕ್ಕೆ ಅದೇ ಮೊದಲು ನಡೆಯಿತು ಅನ್ನುವಂತಿಲ್ಲ. ಇಬ್ಬರು ಒಬ್ಬರದನ್ನೊಬ್ಬರು ನೋಡದೆ ಬರೆದಿರಬಹುದು, ಅಲ್ವಾ? ಅದನ್ನು ಗುರುತಿಸಲು, ದಾಖಲೆಯ ಜೊತೆ ಒಂದೇ ಸಂಖ್ಯೆಯ ಬದಲು ಪ್ರತಿ ಸರ್ವರ್‌ಗೂ ಒಂದೊಂದು ಸಂಖ್ಯೆ ಇಡುವ ವೆಕ್ಟರ್ ಕ್ಲಾಕ್ ಬೇಕು. ಸರ್ವರ್ ಹೆಚ್ಚಾದಷ್ಟೂ ಅದು ಉದ್ದವಾಗುತ್ತದೆ. ನಿಮ್ಮಲ್ಲಿ ಇರುವುದು ಮೂರೇ ಸರ್ವರ್ ಅಂದಿದ್ದೀಯ. ಧೈರ್ಯವಾಗಿ ಬಳಸು. ಹಾಗೆ ಒಬ್ಬರದನ್ನೊಬ್ಬರು ನೋಡದೆ ಇಬ್ಬರು ಬರೆದಿದ್ದರೆ ಎರಡನ್ನೂ ಇಟ್ಟುಕೊಂಡು, ಬರೆದವರನ್ನೇ ಕೇಳು. ನೀನಾಗಿ ಒಂದನ್ನು ಎಸೆಯಬೇಡ.

ಸಿಸ್ಟಮ್ ಟೈಮ್, ಅಂದರೆ ಸರ್ವರ್ ಗಡಿಯಾರದ ಸಮಯ, ಬೇಡವೇ ಬೇಡ ಅಂತಲ್ಲ. ಬಿಲ್ಲಿನ ದಿನಾಂಕಕ್ಕೆ, ಲಾಗಿಗೆ, ಜನ ಓದುವ ಜಾಗಕ್ಕೆಲ್ಲ ಅದೇ ಬೇಕು. ಟೈಮ್‌ಔಟ್ (ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಅನ್ನುವುದು) ಅಳೆಯಲು ಮಾತ್ರ ಹಿಂದಕ್ಕೆ ಹೋಗದ ಮೊನೊಟೋನಿಕ್ ಕ್ಲಾಕ್ ಬಳಸು.

ಈ ವಾರ ಒಂದು ಕೆಲಸ ಮಾಡು. ಟೆಸ್ಟ್‌ಗೆ ಇಟ್ಟಿರುವ ಒಂದು ಸರ್ವರ್‌ನ ಗಡಿಯಾರವನ್ನು ಐದು ನಿಮಿಷ ಹಿಂದಕ್ಕೆ ತಿರುಗಿಸಿ, ನಿಮ್ಮ ಪ್ರೋಗ್ರಾಂ ಓಡಿಸಿ ನೋಡು. ಏನೇನು ಅಳಿಸಿಹೋಯಿತು ಅಂತ ನನಗೆ ಬರೆ.

ನಿನ್ನ ಚಿಕ್ಕಪ್ಪ