ವಿಮಾನದ ವಯಸ್ಸನ್ನು ವರ್ಷದಲ್ಲಿ ಎಣಿಸಬೇಡಿ

ಮಾನ್ಯರೇ,

ಅಪಘಾತವಾದಾಗಲೆಲ್ಲ ‘ಹಳೆಯ ವಿಮಾನಗಳನ್ನು ಮೊದಲು ನಿಲ್ಲಿಸಿ’ ಎಂಬ ಕೂಗೇಳುತ್ತದೆ. ಕಾಳಜಿ ಸರಿ, ಲೆಕ್ಕ ತಪ್ಪು. ಪ್ರತಿ ಹಾರಾಟದಲ್ಲೂ ಒಳಗಿನ ಗಾಳಿಯೊತ್ತಡಕ್ಕೆ ವಿಮಾನದ ಒಡಲು ಒಮ್ಮೆ ಉಬ್ಬಿ ಇಳಿಯುತ್ತದೆ. ಅದೇ ಒಂದು ಸೈಕಲ್. ಬೆಂಗಳೂರಿನಿಂದ ಮಂಗಳೂರಿಗೆ ಹೋದರೂ ಒಂದು, ಲಂಡನ್‌ಗೆ ಹೋದರೂ ಒಂದೇ.

1988ರಲ್ಲಿ ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಮುಂಭಾಗದ ಚಾವಣಿ ಆಕಾಶದಲ್ಲೇ ಕಿತ್ತುಹೋಯಿತು. ಅದಕ್ಕೆ 19 ವರ್ಷ. ಹಾರಿದ್ದು 35,496 ಗಂಟೆ, ಸೈಕಲ್ ಮಾತ್ರ 89,680! ದ್ವೀಪದಿಂದ ದ್ವೀಪಕ್ಕೆ ಚಿಕ್ಕ ಚಿಕ್ಕ ಹಾರಾಟ, ಜೊತೆಗೆ ಕಡಲ ಉಪ್ಪುಗಾಳಿ. ಲೋಹದ ಹಾಳೆಗಳು ಒಂದರ ಮೇಲೊಂದು ಕೂರುವ ಜೋಡಣೆಯಲ್ಲಿ ಅಂಟು ಬಿಟ್ಟು, ತೇವ ನುಗ್ಗಿ, ಭಾರವೆಲ್ಲ ಹಾಳೆಗಳನ್ನು ಬಿಗಿಯುವ ರಿವೆಟ್ ಮೊಳೆಗಳ ಮೇಲೆ ಬಿತ್ತು. ರಿವೆಟ್ ತೂತಿನ ಅಂಚಿನಲ್ಲಿ ಹುಟ್ಟಿದ ಕೂದಲೆಳೆಯಂಥ ಬಿರುಕುಗಳು ಪಕ್ಕದ ತೂತಿನ ಬಿರುಕುಗಳನ್ನು ಕೂಡಿಕೊಂಡವು.

ಆದ್ದರಿಂದ ವಿಮಾನಯಾನ ಕಂಪನಿಗಳನ್ನು ಕೇಳಬೇಕಾದದ್ದು ಬೇರೆ: ಸೈಕಲ್ ಎಷ್ಟಾಗಿದೆ? ಕಣ್ಣಿಗೆ ಕಾಣದ ಬಿರುಕನ್ನು ವಿದ್ಯುತ್ ಪ್ರವಾಹದಿಂದ ಪತ್ತೆಹಚ್ಚುವ ‘ಎಡ್ಡಿ ಕರೆಂಟ್’ ತಪಾಸಣೆ ಜೋಡಣೆಗಳಲ್ಲಿ ಕೊನೆಯದಾಗಿ ಯಾವಾಗ ನಡೆಯಿತು? ಬ್ಲೇಡ್‌ಗಳನ್ನು ಹೊತ್ತು ತಿರುಗುವ ಎಂಜಿನ್ ಡಿಸ್ಕ್‌ಗಳ ಆಯುಷ್ಯವೂ ಸೈಕಲ್ ಲೆಕ್ಕದಲ್ಲೇ; ಅವುಗಳಲ್ಲಿ ಉಳಿದಿರುವ ಸೈಕಲ್ ಎಷ್ಟು? ಮೊದಲ ದಿನದಿಂದ ದಾಖಲೆಯಿಲ್ಲದ ಡಿಸ್ಕ್, ಫಳಫಳ ಹೊಳೆಯುತ್ತಿದ್ದರೂ ಗುಜರಿಯೇ.

– ವಿಮಾನ ನಿರ್ವಹಣಾ ಎಂಜಿನಿಯರುಗಳು, ಬೆಂಗಳೂರು