ಬಿಪಿ ನೋಡುವ ಮುಂಚೆ ಒಂದು ಕುರ್ಚಿ ಕೊಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಉಡುಪಿಯಲ್ಲಿ ಒಂದು ಉಚಿತ ಆರೋಗ್ಯ ಶಿಬಿರ ನಡೆಯಿತು. ನಡೆಸಿದವರ ಹೆಸರು ಬೇಡ, ಅವರ ಉದ್ದೇಶ ಒಳ್ಳೆಯದೇ. ನನ್ನ ಅಕ್ಕ ಸಿಟಿ ಬಸ್ಸಿನಿಂದ ಇಳಿದು, ಬಿಸಿಲಲ್ಲಿ ಬಿರಬಿರನೆ ನಡೆದು, ಎರಡು ಮಾಳಿಗೆ ಹತ್ತಿ ಅಲ್ಲಿಗೆ ಹೋದಳು. ಮೈಯೆಲ್ಲ ಬೆವರು, ಒಳಗೆ ಎಸಿ. ಸಾಲಿನಲ್ಲಿ ನಿಂತೇ ಇದ್ದಳು. ಸರದಿ ಬಂದಾಗ "ಬೇಗ ಕೈ ಕೊಡಿ ಅಮ್ಮ" ಎಂದು ನಿಂತಲ್ಲೇ ಪಟ್ಟಿ ಸುತ್ತಿದರು. ಕೈ ಜೋತು ಬಿದ್ದಿತ್ತು. ಜತೆಗೆ ಶುಗರ್ ಇದೆಯಾ, ಮಕ್ಕಳೆಷ್ಟು ಎಂಬ ಪ್ರಶ್ನೆ ಬೇರೆ. ಚೀಟಿಯಲ್ಲಿ 168/98 ಎಂದು ಬರೆದುಕೊಟ್ಟರು.

ಅವತ್ತು ರಾತ್ರಿ ಅಕ್ಕ ಊಟ ಮಾಡಲಿಲ್ಲ. ಮಿಡಿ ಉಪ್ಪಿನಕಾಯಿಯ ಭರಣಿ ಅಟ್ಟ ಸೇರಿತು. ಪಕ್ಕದ ಮನೆಯವರು "ನನ್ನ ಮಾತ್ರೆ ಇದೆ, ಒಂದು ತಗೊಳ್ಳಿ ಮಾರಾಯ್ರೆ" ಎಂದರು. ಪುಣ್ಯಕ್ಕೆ ಅವಳು ತೆಗೆದುಕೊಳ್ಳಲಿಲ್ಲ. ಆಮೇಲೆ ಒಂದು ವಾರ ಬೆಳಿಗ್ಗೆ, ಸಂಜೆ ಅವಳನ್ನು ಕೂರಿಸಿ ಮನೆಯಲ್ಲೇ ನೋಡಿದೆ. ಮೇಲಿನ ಅಂಕಿ ಒಮ್ಮೆಯೂ 130 ದಾಟಲಿಲ್ಲ. ಡಾಕ್ಟರು ನಾನು ಬರೆದಿಟ್ಟ ಆ ಅಂಕಿಗಳನ್ನು ನೋಡಿ, ಸದ್ಯಕ್ಕೆ ಔಷಧ ಬೇಡ ಎಂದರು.

ಹಾಗಾದರೆ ಶಿಬಿರದ ಯಂತ್ರ ಸುಳ್ಳು ಹೇಳಿತೇ? ಇಲ್ಲ. ಕೈ ಜೋತು ಬಿದ್ದಿದ್ದರಿಂದ ಅಂಕಿ ಸ್ವಲ್ಪ ಹೆಚ್ಚಿಗೆ ಬಂದಿರಬಹುದು, ಉಳಿದದ್ದು ಆ ನಿಮಿಷಕ್ಕೆ ನಿಜವೇ. ನಮ್ಮ ರಕ್ತನಾಳ ಪ್ಲಾಸ್ಟಿಕ್ ಪೈಪಿನ ಹಾಗೆ ಸುಮ್ನೆ ಬಿದ್ದಿರುವುದಲ್ಲ. ಅದರ ಗೋಡೆಯಲ್ಲಿ ನಯವಾದ, ಪಟ್ಟೆಗಳಿಲ್ಲದ ಒಂದು ಸ್ನಾಯು ಇದೆ. ನಾವು ಹೇಳಿದ್ದನ್ನು ಅದು ಕೇಳುವುದಿಲ್ಲ, ತನ್ನಷ್ಟಕ್ಕೆ ಬಿಗಿಯುತ್ತದೆ, ಸಡಿಲವಾಗುತ್ತದೆ. ತುಂಬಿದ ಕೊಡಪಾನ ಹಿಡಿದು ನಿಂತರೆ ಐದು ನಿಮಿಷಕ್ಕೆ ನಮ್ಮ ಕೈ ಸೋಲುತ್ತದೆ. ಈ ಸ್ನಾಯು ಗಂಟೆಗಟ್ಟಲೆ ಬಿಗಿ ಹಿಡಿದರೂ ಅದಕ್ಕೆ ಖರ್ಚಾಗುವ ಶಕ್ತಿ ತೀರಾ ಕಡಿಮೆ. ಪಿಯುಸಿ ಮಕ್ಕಳಿಗೆ ಇದನ್ನು ವರ್ಷ ವರ್ಷ ಪಾಠ ಮಾಡಿದ ನನಗೆ ಈಗಲೂ ಸೋಜಿಗವೇ.

ಸಣ್ಣ ನಾಳ ಸ್ವಲ್ಪ ಕಿರಿದಾದರೂ ಪರಿಣಾಮ ದೊಡ್ಡದು. ಬೇರೆಲ್ಲ ಹಾಗೇ ಇದ್ದು ನಾಳದ ಅಗಲ ಅರ್ಧವಾದರೆ, ಹರಿಯುವ ರಕ್ತ ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೊದಲಿನಷ್ಟೇ ರಕ್ತ ಹರಿಯಬೇಕಾದರೆ ಒತ್ತಡ ಏರಬೇಕು. ಅದಕ್ಕೇ ಈ ಸ್ನಾಯುವಿನ ಒಂದು ಚಿಕ್ಕ ಬಿಗಿತವೂ ಬಿಪಿಯಲ್ಲಿ ಕಾಣುತ್ತದೆ.

ಅಕ್ಕನ ಮೈಯಲ್ಲಿ ಅವತ್ತು ಏನಾಗಿರಬಹುದು ನೋಡಿ. ಮೆಟ್ಟಿಲು ಹತ್ತುವಾಗ ಕಾಲಿಗೆ ಹೋಗುವ ನಾಳಗಳು ಹಿಗ್ಗುತ್ತವೆ, ಹೊಟ್ಟೆಯ ಕಡೆಯವು ಬಿಗಿಯುತ್ತವೆ, ಹೃದಯ ಜೋರಾಗಿ ಹೊಡೆಯುತ್ತದೆ. ಬೆವರಿದ ಮೈಗೆ ಎಸಿಯ ತಂಪು ತಾಗಿದರೆ ಚರ್ಮದ ನಾಳಗಳು ಕಿರಿದಾಗುತ್ತವೆ. ಸಾಲಿನಲ್ಲಿ ನಿಂತರೆ ರಕ್ತ ಕಾಲಿಗೆ ಇಳಿಯುತ್ತದೆ, ಅದನ್ನು ಮೇಲಕ್ಕೆ ತಳ್ಳಲು ನರಗಳು ನಾಳಗಳನ್ನು ಮತ್ತೆ ಬಿಗಿಸುತ್ತವೆ. ಇದರ ಮೇಲೆ ಹೆದರಿಕೆ. ನರದ ತುದಿಯಿಂದ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಹೊರಬಂದರೆ ಸ್ನಾಯುವಿನ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಸ್ನಾಯು ಹಿಡಿದುಕೊಳ್ಳುತ್ತದೆ. ಬೀಡಿ ಸೇದಿ ಬಂದವರಲ್ಲೂ ನಿಕೋಟಿನ್ ಇದೇ ನರಗಳನ್ನು ಕೆರಳಿಸುತ್ತದೆ. ಇದು ಯಾವುದೂ ರೋಗವಲ್ಲ, ಮೈ ತನ್ನ ಕೆಲಸ ಮಾಡುತ್ತಿದೆ ಅಷ್ಟೆ.

ಸಡಿಲಿಸುವ ವ್ಯವಸ್ಥೆಯೂ ಇದೆ. ನಾಳದ ಒಳಮೈಯ ತೆಳು ಪದರವನ್ನು ಉಜ್ಜಿ ತೆಗೆದರೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕಕ್ಕೆ ಸ್ನಾಯು ಸಡಿಲವಾಗುವುದೇ ಇಲ್ಲ ಎಂದು ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ 1980ರಲ್ಲಿ ಮೊಲದ ನಾಳದ ತುಂಡಿನಲ್ಲಿ ತೋರಿಸಿದರು. ಆ ಪದರ ಕೊಡುವ ಸಂದೇಶ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂದು ಆಮೇಲೆ ತಿಳಿಯಿತು. 1998ರ ವೈದ್ಯಕೀಯ ನೊಬೆಲ್ ಇದಕ್ಕೇ. ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆಯೂ ಇದೇ ಅನಿಲದ ದಾರಿಯಲ್ಲಿ ಕೆಲಸ ಮಾಡುತ್ತದೆ. ಪಕ್ಕದ ಮನೆಯವರ ಬಿಪಿ ಮಾತ್ರೆ ಅಮ್ಲೋಡಿಪಿನ್ ಬೇರೆ ದಾರಿಯದು, ಕ್ಯಾಲ್ಸಿಯಂ ಒಳಗೆ ಬರುವ ಬಾಗಿಲಿಗೆ ತಡೆ ಹಾಕುತ್ತದೆ. ಕೆಲವರಿಗೆ ಪಾದದ ಗಂಟು ಊದುವುದೂ ಅದರಿಂದಲೇ. ಇಂಥದ್ದನ್ನು ಸಾಲ ಕೊಡುವುದಾ?

ಶಿಬಿರದ ಅಂಕಿಯನ್ನು ಬಿಸಾಡಿ ಎನ್ನುತ್ತಿಲ್ಲ. ನಿಜವಾಗಿ ಬಿಪಿ ಇದ್ದು ಗೊತ್ತಿಲ್ಲದೆ ಓಡಾಡುವವರು ಜಾಸ್ತಿ ಜನ ಇದ್ದಾರೆ, ಅವರನ್ನು ಹಿಡಿಯಲು ಶಿಬಿರ ಬೇಕೇ ಬೇಕು. ಆದರೆ ಅಳೆಯುವ ಮುಂಚೆ ಐದು ನಿಮಿಷ ಕೂರಿಸಿ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕೈ ಮೇಜಿನ ಮೇಲೆ ಎದೆಯ ಮಟ್ಟದಲ್ಲಿ. ಅಳೆಯುವಾಗ ಮಾತು ಬೇಡ. ಅರ್ಧ ಗಂಟೆಯೊಳಗೆ ಕಾಫಿ, ಬೀಡಿ ಆಗಿದೆಯೇ ಎಂದು ಮೊದಲೇ ಕೇಳಿ. ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಆಮೇಲೆ ಚೀಟಿ ಬರೆಯಿರಿ. ಅಂಕಿ ಹೆಚ್ಚಿದ್ದರೆ ಡಾಕ್ಟರ ಹತ್ತಿರ ಮತ್ತೆ ತೋರಿಸಲು ಹೇಳಿ.

ಜನ ಜಾಸ್ತಿ, ಕೂರಿಸಲು ಎಲ್ಲಿ ಜಾಗ ಎನ್ನಬಹುದು. ಅದೇ ಹಾಲಿನ ಮೂಲೆಯಲ್ಲಿ ಹಿಂದಿನ ದಿನದ ಮದುವೆಯ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಇಟ್ಟಿದ್ದರಂತೆ. ಸಾಲಿನಲ್ಲಿ ನಿಂತ ಅಕ್ಕ ಬೇಸರಕ್ಕೆ ಅದನ್ನೇ ಎಣಿಸುತ್ತಿದ್ದಳು.

— ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಉಡುಪಿ