ಏಪ್ರಿಲ್ 1ರಿಂದ ಹೊಸ ಪಾಳಿ, ಹೊಸ ಫೀ: ನಮ್ಮ ಹಿರಿಯರ ಮನೆಯವರಿಗೆ

ನಮಸ್ಕಾರ.

ಏಪ್ರಿಲ್ 1ರಿಂದ ನಮ್ಮ ಮುಲುಂಡ್ ವೃದ್ಧಾಶ್ರಮದಲ್ಲಿ ಎರಡು ಬದಲಾವಣೆ ಆಗುತ್ತವೆ. ಕಮಿಷನ್ ಪಡೆದು ಆಳು ಕಳಿಸುವ ಬ್ಯೂರೋದಿಂದ ಆಳು ತರಿಸುವುದನ್ನು ಪೂರ್ತಿ ನಿಲ್ಲಿಸುತ್ತೇವೆ. ನಿಮ್ಮ ಅಪ್ಪ ಅಮ್ಮಂದಿರನ್ನು ನೋಡಿಕೊಳ್ಳುವವರೆಲ್ಲ ಇನ್ನು ನಮ್ಮದೇ ನೌಕರರು, ಎರಡರ ಬದಲು ಮೂರು ಪಾಳಿಯಲ್ಲಿ. ಇದರ ಜೊತೆಗೆ ಫೀ ಏರುತ್ತದೆ. ಇಬ್ಬರಿರುವ ಕೋಣೆಗೆ ತಿಂಗಳಿಗೆ 2,500 ರೂಪಾಯಿ, ಹಾಸಿಗೆ ಹಿಡಿದವರಿಗೆ 4,000 ರೂಪಾಯಿ ಜಾಸ್ತಿ.

ಒಂದೇ ತಿಂಗಳ ಮುಂಚೆ ಹೇಳುತ್ತಿದ್ದೇವೆ. ಪಿಂಚಣಿಯಲ್ಲಿ ಲೆಕ್ಕ ಹಾಕಿ ಕಟ್ಟುವವರಿಗೆ ಇದು ಕಷ್ಟ. ಅದಕ್ಕಾಗಿ ಎಲ್ಲರಲ್ಲೂ ಕ್ಷಮೆ ಕೇಳುತ್ತೇವೆ. ಆದರೆ ನಿರ್ಧಾರದ ಬಗ್ಗೆ ನಮಗೆ ಯಾವ ಸಂಕೋಚವೂ ಇಲ್ಲ. ಈ ಕೆಲಸ ಮಾಡಬೇಕು ಅಂತ ನಾವು ಬಹಳ ಕಾಲದಿಂದ ಆಸೆಪಟ್ಟಿದ್ದೆವು.

ಮೊದಲು ನೀವು ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆಗೆ ಬರುತ್ತೇನೆ. ಆಫೀಸಿಗೆ ಬಂದಾಗ, ಫೋನಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ, ಎಲ್ಲ ಕಡೆ ಇದೇ ಮಾತು: "ಅಮ್ಮ ಒಬ್ಬಳಿಗೆ ಹೊಂದಿಕೊಳ್ಳೋ ಹೊತ್ತಿಗೆ ಅವಳು ಬಿಟ್ಟು ಹೋಗಿರ್ತಾಳೆ. ನಿಮ್ಮಲ್ಲಿ ಯಾಕೆ ಯಾರೂ ನಿಲ್ಲಲ್ಲ?"

ಈ ಪ್ರಶ್ನೆ ನ್ಯಾಯವಾದದ್ದೇ. ಹೊಸ ಕೈ ಮೈಮುಟ್ಟಿದರೆ ವಯಸ್ಸಾದವರು ಹೆದರುತ್ತಾರೆ. ಮರೆವಿನ ಕಾಯಿಲೆ ಇರುವವರಿಗಂತೂ ಹೊಸ ಮುಖ ಕಂಡರೆ ಸ್ನಾನವೂ ಬೇಡ, ಊಟವೂ ಬೇಡ. ಅದನ್ನು ನಾವು ದಿನಾ ನೋಡುತ್ತೇವೆ. ಆದರೆ "ಯಾಕೆ ನಿಲ್ಲಲ್ಲ" ಎಂಬುದಕ್ಕೆ ಉತ್ತರ ನಮ್ಮ ಆಫೀಸಿನಲ್ಲಿ ಮಾತ್ರ ಇಲ್ಲ. ಸ್ವಲ್ಪ ಉದ್ದವಾದರೂ ಹೇಳಿಬಿಡುತ್ತೇನೆ.

ಬ್ಯೂರೋದಿಂದ ಬರುವ ಮೌಶಿಗೆ, ಅಂದರೆ ಆರೈಕೆ ಮಾಡುವ ಹೆಂಗಸಿಗೆ, 12 ಗಂಟೆ ಡ್ಯೂಟಿ. ಮುಂಬೈಯಲ್ಲಿ ಇದೇ ರೂಢಿ. ಟಿಟ್ವಾಲಾದಿಂದಲೋ ಬದ್ಲಾಪುರದಿಂದಲೋ ಬರುವ ಹೆಂಗಸು ಎಂದುಕೊಳ್ಳಿ. ಹೋಗಿ ಬರುವ ಹೊತ್ತು ಸೇರಿಸಿದರೆ ಅವಳ ಕೈಯಲ್ಲಿ ಉಳಿಯುವುದು ಮನೆಗೆಲಸಕ್ಕೂ ನಿದ್ದೆಗೂ ಸಾಲದು. ಭಾನುವಾರ ಹಳಿ ರಿಪೇರಿಗೆಂದು ಮಾಟುಂಗಾ–ಮುಲುಂಡ್ ಮೆಗಾಬ್ಲಾಕ್ ಇದ್ದರೆ ಇನ್ನೂ ಕಷ್ಟ. ಅಂಥ ಭಾನುವಾರ ನೀವೂ ಮಾಟುಂಗಾದಿಂದ ತಡವಾಗಿ ತಲುಪಿ ಬೇಸರಪಟ್ಟಿದ್ದೀರಿ, ಅಲ್ವಾ? ಅವಳಿಗೆ ಅದು ಪ್ರತಿ ವಾರದ ಪಾಡು. ದಿನಗೂಲಿ ಲೆಕ್ಕ. ಒಂದು ದಿನ ಜ್ವರ ಬಂದರೆ ಆ ದಿನದ ದುಡ್ಡು ಇಲ್ಲ. ಪಿಎಫ್ (ಭವಿಷ್ಯ ನಿಧಿ) ಇಲ್ಲ, ಇಎಸ್‌ಐ (ನೌಕರರ ಚಿಕಿತ್ಸೆಯ ವಿಮೆ) ಇಲ್ಲ, ರಜೆ ಇಲ್ಲ. ಹತ್ತು ವರ್ಷ ಮಾಡಿದರೂ ಮೊದಲ ದಿನ ಬಂದವಳಿಗೂ ಅವಳಿಗೂ ಒಂದೇ ಕೂಲಿ. ಬೇರೆ ಕಡೆ ದಿನಕ್ಕೆ ಐವತ್ತು ರೂಪಾಯಿ ಜಾಸ್ತಿ ಸಿಕ್ಕರೆ ಅವಳು ಹೋಗುತ್ತಾಳೆ. ಅವಳ ಜಾಗದಲ್ಲಿ ನಾನಿದ್ದರೂ ಹೋಗುತ್ತಿದ್ದೆ.

ಇನ್ನೊಂದು ಮಾತು. ಇದನ್ನು ಬರೆಯಬೇಕೋ ಬೇಡವೋ ಎಂದು ಕಮಿಟಿಯಲ್ಲಿ ಚರ್ಚೆ ಆಯಿತು. ನಾವು ಕೆಲಸ ಕಲಿಸಿದ ಕೆಲವು ಮೌಶಿಯರನ್ನು ನಮ್ಮಲ್ಲಿಗೆ ಬಂದುಹೋಗುವ ಮನೆಯವರೇ ತಮ್ಮ ನೆಂಟರ ಮನೆಗೆ ಕರೆದುಕೊಂಡು ಹೋಗಿದ್ದಾರೆ. ಹೆಸರು ಹೇಳುವುದಿಲ್ಲ, ಜಗಳವೂ ಬೇಡ. ಆದರೆ ಅವರು ಹೋದ ಮರುದಿನ ಪಕ್ಕದ ಕೋಣೆಯ ಅಜ್ಜಿಗೆ ಹೊಸ ಮುಖ ಕಾಣಿಸಿದ್ದು ಅದರಿಂದಲೇ. ದಯವಿಟ್ಟು ಇನ್ನು ಹಾಗೆ ಮಾಡಬೇಡಿ.

ಏಪ್ರಿಲ್‌ನಿಂದ ಪಾಳಿ ಹೀಗಿರುತ್ತದೆ: ಬೆಳಿಗ್ಗೆ 7ರಿಂದ 2:30, ಮಧ್ಯಾಹ್ನ 2:30ರಿಂದ ರಾತ್ರಿ 9:30, ರಾತ್ರಿ 9:30ರಿಂದ ಬೆಳಿಗ್ಗೆ 7. ರಾತ್ರಿಯವರಿಗೆ ನಡುವೆ ಒಂದು ಗಂಟೆ ವಿಶ್ರಾಂತಿ. ಸಂಜೆ 5–6ರ ಹೊತ್ತಿಗೆ ಪಾಳಿ ಬದಲಾಯಿಸುವುದು ಬೇಡ ಎಂದು ನಾವು ಹಟ ಹಿಡಿದೆವು. ಹೊತ್ತು ಮುಳುಗುವಾಗ ಮರೆವಿನವರಿಗೆ ಚಡಪಡಿಕೆ ಜಾಸ್ತಿ. ಮನೆಗೆ ಹೋಗಬೇಕು, ಮಕ್ಕಳು ಶಾಲೆಯಿಂದ ಬರುತ್ತಾರೆ ಎಂದು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಆ ಹೊತ್ತಿನಲ್ಲಿ ಮಧ್ಯಾಹ್ನದಿಂದ ಜೊತೆಗಿದ್ದ ಮುಖವೇ ಎದುರಿಗೆ ಇರಬೇಕು. 9:30ಕ್ಕೆ ಬಿಟ್ಟರೆ ಹೆಂಗಸರಿಗೆ ಕಲ್ಯಾಣದ ಕಡೆ ಲೋಕಲ್ ಸಿಗಲು ತೊಂದರೆ ಇಲ್ಲ. ರಾತ್ರಿ ಪಾಳಿಗೆ ಒಪ್ಪಿಕೊಂಡ ಹೆಂಗಸರನ್ನು ಮಾತ್ರ ಹಾಕುತ್ತೇವೆ.

"ಹಾಗಾದರೆ ದಿನಕ್ಕೆ ಮೂರು ಮುಖ ಆಯ್ತಲ್ಲ" ಎಂದು ಕೆಲವರು ಕೇಳಿದ್ದೀರಿ. ಮೂರು ಮುಖ ನಿಜ. ಆದರೆ ಅದೇ ಮೂರು ಮುಖ, ಅದೇ ಮಹಡಿಯಲ್ಲಿ, ವರ್ಷಪೂರ್ತಿ. ವಾರದ ರಜೆಗೆ ಬದಲಿಯಾಗಿ ಬರುವವರೂ ಗೊತ್ತುಪಡಿಸಿದವರೇ. ಪಾಳಿ ಬದಲಾಗುವಾಗ ಹಾಸಿಗೆಯ ಪಕ್ಕದಲ್ಲೇ ನಿಂತು ಒಬ್ಬರು ಇನ್ನೊಬ್ಬರಿಗೆ ಹೇಳಬೇಕು: ಎಷ್ಟು ನೀರು ಕುಡಿದರು, ಮಲಮೂತ್ರ ಆಯಿತೇ, ಮೈ ಯಾವ ಮಗ್ಗುಲಿಗಿದೆ, ಯಾವ ಮಾತ್ರೆ ಬಾಕಿ, ಯಾವುದಕ್ಕೆ ಕೋಪ ಬಂತು. ಅದು ಪುಸ್ತಕದಲ್ಲೂ ಬರೆದಿರುತ್ತದೆ. ನೀವು ಬಂದಾಗ ಕೇಳಿ ಓದಬಹುದು.

ಮಗ್ಗುಲ ವಿಷಯ ಸುಮ್ನೆ ಹೇಳಿದ್ದಲ್ಲ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಒಮ್ಮೆ ಈ ಹುಣ್ಣು (ಬೆಡ್‌ಸೋರ್) ಆಯಿತು ಅಂದರೆ ಮಾಯಲು ತಿಂಗಳುಗಟ್ಟಲೆ ಬೇಕಾಗಬಹುದು. ಬೆಳಿಗ್ಗೆಯಿಂದ ಮನೆಗೆಲಸ ಮಾಡಿ, ಲೋಕಲ್‌ನಲ್ಲಿ ನಿಂತು ಬಂದವಳನ್ನು ರಾತ್ರಿ ಮೂರಕ್ಕೆ "ಎದ್ದು ಎತ್ತು" ಎಂದರೆ ಕೈಯಲ್ಲಿ ಬಲ ಎಲ್ಲಿಂದ ಬರಬೇಕು? ನಮ್ಮಲ್ಲಿ ಹುಣ್ಣು ಬಾರದಂತೆ ನೋಡಿಕೊಂಡವರು ಇದೇ ಹೆಂಗಸರು. ಅವರ ಬಗ್ಗೆ ನಮಗೆ ಹೆಮ್ಮೆ ಇದೆ. ಆ ಹೆಮ್ಮೆ ಅವರ ಸಂಬಳದಲ್ಲಿ ಕಾಣಬೇಕು, ಅಷ್ಟೇ.

ಇನ್ನು ದುಡ್ಡಿನ ಮಾತು. "ಸೇವಾ ಸಂಸ್ಥೆ ಅಂತೀರಿ, ಫೀ ಮಾತ್ರ ಏರಿಸ್ತೀರಿ" ಎಂದು ಒಬ್ಬರು ಬರೆದರು. ನೋವಾಯಿತು. "ಬ್ಯೂರೋ ಕಮಿಷನ್ ಉಳಿಯುತ್ತಲ್ಲ, ಫೀ ಇಳಿಸಬೇಕಿತ್ತು" ಎಂದು ಇನ್ನೊಬ್ಬರು. ಲೆಕ್ಕ ನೀವೇ ಹಾಕಿ ನೋಡಿ. ಮುಂಚೆ ಒಂದು ಜಾಗಕ್ಕೆ ಹಗಲಿಗೊಬ್ಬರು, ರಾತ್ರಿಗೊಬ್ಬರು, ಇಬ್ಬರು ಸಾಕಿತ್ತು. ಈಗ ದಿನಕ್ಕೆ 3 ಪಾಳಿ, ವಾರಕ್ಕೆ 21. ವಾರದ ರಜೆ ಕೊಟ್ಟರೆ ಒಬ್ಬರು ಮಾಡುವುದು 6 ಪಾಳಿ. ಅಂದರೆ ಮೂರೂವರೆ ಜನ. ಕಾಯಿಲೆ, ಹಬ್ಬ, ಊರಿನ ರಜೆ ಸೇರಿಸಿದರೆ ನಾಲ್ಕು. ಇಬ್ಬರ ಜಾಗದಲ್ಲಿ ನಾಲ್ವರು! ಕಮಿಷನ್ ಉಳಿಯುತ್ತದೆ ನಿಜ, ಆದರೆ ಅದರಿಂದ ಈ ನಾಲ್ವರ ಸಂಬಳ ಹುಟ್ಟುವುದಿಲ್ಲ.

ಸಂಬಳದ ಮೇಲೆ ಪಿಎಫ್‌ಗೆ ಮೂಲ ವೇತನದ ಶೇಕಡಾ 12 ನಾವು ಹಾಕಬೇಕು. ಇಎಸ್‌ಐಗೆ ನಮ್ಮ ಪಾಲು ಶೇಕಡಾ 3.25, ಅವರ ಪಾಲು 0.75. ತಿಂಗಳಿಗೆ 21,000 ರೂಪಾಯಿಯೊಳಗೆ ಸಂಬಳ ಇರುವವರಿಗೆಲ್ಲ ಇದು ಉಂಟು, ಅವರ ಮನೆಯವರ ಚಿಕಿತ್ಸೆಗೂ ಆಗುತ್ತದೆ. ಐದು ವರ್ಷ ನಿಂತವರಿಗೆ ಕೆಲಸ ಬಿಡುವಾಗ ಗ್ರಾಚುಯಿಟಿ, ವರ್ಷಕ್ಕೆ 15 ದಿನದ ಸಂಬಳದಂತೆ. ಅದಕ್ಕೆ ಈಗಿನಿಂದಲೇ ಹಣ ಎತ್ತಿಡಬೇಕು. ಐದು ವರ್ಷ ನಿಲ್ಲುವವರು ಬೇಕು ಎಂದು ಕೇಳುವ ನಾವು ಐದನೇ ವರ್ಷದಲ್ಲಿ ಕೈ ಖಾಲಿ ತೋರಿಸಬಾರದು.

ಜಿಎಸ್‌ಟಿ ಬಗ್ಗೆಯೂ ತಪ್ಪು ತಿಳುವಳಿಕೆ ಇದೆ. ನಮ್ಮಂಥ ಧರ್ಮಾರ್ಥ ಸಂಸ್ಥೆ ನಡೆಸುವ ವೃದ್ಧಾಶ್ರಮದಲ್ಲಿ 60 ದಾಟಿದವರಿಗೆ ಊಟ, ವಸತಿ, ಆರೈಕೆ ಎಲ್ಲ ಸೇರಿ ತಿಂಗಳಿಗೆ 25,000 ರೂಪಾಯಿವರೆಗೆ ಜಿಎಸ್‌ಟಿ ಇಲ್ಲ. ಹಾಗಾಗಿ ನಿಮ್ಮ ಬಿಲ್ಲಿನಲ್ಲಿ ಅದು ಬರುವುದಿಲ್ಲ. ಆದರೆ ನಾವು ಕೊಳ್ಳುವ ಡೈಪರ್, ಸಾಬೂನು, ಹಾಸಿಗೆ, ಲಿಫ್ಟ್ ರಿಪೇರಿ, ಎಲ್ಲದಕ್ಕೂ ತೆರಿಗೆ ಕಟ್ಟುತ್ತೇವೆ. ಅಂಗಡಿಯವರ ಹಾಗೆ ಅದನ್ನು ವಾಪಸ್ ಪಡೆಯಲು ನಮಗೆ ಬರುವುದಿಲ್ಲ. ಅದು ನಮ್ಮ ಮೇಲೆಯೇ ಬೀಳುತ್ತದೆ. "ನಿಮಗೆ ಟ್ಯಾಕ್ಸ್ ಮಾಫಿ, ಆರಾಮ" ಎನ್ನುವವರು ಇದನ್ನೂ ಗಮನಿಸಬೇಕು. ಹೊಸ ಫೀ ನಂತರವೂ ನಮ್ಮಲ್ಲಿ ಯಾರದೂ 25,000 ದಾಟುವುದಿಲ್ಲ. ದಾಟದಂತೆ ಲೆಕ್ಕ ಮಾಡಿದ್ದೇವೆ.

ಹಾಗೆಯೇ, ದೇಣಿಗೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿಯ ರಸೀದಿಯನ್ನು ಫೀಗೆ ಕೇಳಬೇಡಿ. ಫೀ ಫೀಯೇ, ದೇಣಿಗೆ ದೇಣಿಗೆಯೇ. ದೇಣಿಗೆ ಕೊಟ್ಟರೆ ಸಂತೋಷದಿಂದ ರಸೀದಿ ಕೊಡುತ್ತೇವೆ. 2,000 ರೂಪಾಯಿಗಿಂತ ಹೆಚ್ಚಿದ್ದರೆ ನಗದು ಬೇಡ, ವಿನಾಯಿತಿ ಸಿಗುವುದಿಲ್ಲ.

ನಮ್ಮ ಜನ ಇಲ್ಲೇ ಬೆಳೆಯಬೇಕು ಎಂಬುದು ಹೊಸ ವ್ಯವಸ್ಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಸೇರಿದವರಿಗೆ ರೋಗಿಗಳ ಆರೈಕೆ ಕಲಿಸುವ ಜನರಲ್ ಡ್ಯೂಟಿ ಅಸಿಸ್ಟೆಂಟ್ ಕೋರ್ಸ್ ಮಾಡಿಸುತ್ತೇವೆ, ಫೀ ನಮ್ಮದು. ಸರ್ಟಿಫಿಕೇಟ್ ಬಂದರೆ ಸಂಬಳ ಏರುತ್ತದೆ. ಮುಂದೆ ಹಿರಿಯ ಸೇವಕಿ, ಆಮೇಲೆ ಮಹಡಿಯ ಜವಾಬ್ದಾರಿ. ಯಾರಿಗಾದರೂ ನರ್ಸಿಂಗ್ ಓದುವ ಆಸೆ ಇದ್ದರೆ ಎರಡು ವರ್ಷದ ಎಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ಬರಲಿ, ಅವರ ಜಾಗ ಕಾದಿಡುತ್ತೇವೆ. "ಓದಿಸಿದರೆ ಬಿಟ್ಟು ಹೋಗ್ತಾರೆ" ಎಂದು ನಮ್ಮ ಕಮಿಟಿಯಲ್ಲೇ ಒಬ್ಬರು ಹೇಳಿದರು. ಹೋಗಲಿ. ಇಲ್ಲಿರುವಷ್ಟು ದಿನ ಕಲಿತ ಕೈಯಿಂದ ಕೆಲಸ ಮಾಡಿರುತ್ತಾರೆ.

ಊಟದ ವಿಷಯ. ನಮ್ಮಲ್ಲಿ ಒಂದೇ ಅಡುಗೆ. ಹಿರಿಯರಿಗೆ ಮಾಡಿದ ಸಾರು, ಪಲ್ಯವೇ ಕೆಲಸದವರಿಗೂ. ಅವರು ಅದೇ ಊಟದ ಕೋಣೆಯಲ್ಲಿ, ಅದೇ ತಟ್ಟೆ ಲೋಟದಲ್ಲಿ ಊಟ ಮಾಡುತ್ತಾರೆ. ಕೆಲವು ಮನೆಯವರು ಬೇರೆ ಲೋಟ ಇಡಿ ಎಂದು ಕೇಳಿದ್ದರು. ಆಗುವುದಿಲ್ಲ ಎಂದೆವು, ಮುಂದೆಯೂ ಆಗುವುದಿಲ್ಲ. ನಿಮ್ಮ ತಾಯಿಯ ಮೈ ತೊಳೆಯುವ ಕೈ ಲೋಟ ಮುಟ್ಟಬಾರದು ಎಂದರೆ ಅದಕ್ಕೆ ಏನು ಅರ್ಥ? ಈ ವಿಷಯದಲ್ಲಿ ನಾವು ಯಾರನ್ನು ಬೇಕಾದರೂ ಕಳೆದುಕೊಳ್ಳಲು ಸಿದ್ಧ.

ಟಿಪ್ಸ್ ಕೈಗೆ ಕೊಡಬೇಡಿ. ನಿಮ್ಮ ಪ್ರೀತಿ ಅರ್ಥವಾಗುತ್ತದೆ. ಆದರೆ ಮಗ ಅಮೆರಿಕದಲ್ಲಿರುವ ಅಜ್ಜನ ಕೋಣೆಗೂ ಯಾರೂ ಬಾರದ ಅಜ್ಜಿಯ ಕೋಣೆಗೂ ನಡುವೆ ವ್ಯತ್ಯಾಸ ಹುಟ್ಟುವುದು ಅಲ್ಲಿಂದಲೇ. ಆಫೀಸಿನ ಡಬ್ಬಿಗೆ ಹಾಕಿ, ದೀಪಾವಳಿಗೆ ಎಲ್ಲರಿಗೂ ಸಮ ಹಂಚುತ್ತೇವೆ. ಅಡುಗೆಯವರಿಗೂ, ರಾತ್ರಿ ಕಾವಲಿನವರಿಗೂ.

ಕನ್ನಡದ ಬಗ್ಗೆ ನಿಮಗಿರುವ ಆತಂಕ ನಮಗೂ ಇದೆ. ಐವತ್ತು ವರ್ಷ ಮುಂಬೈಯಲ್ಲಿ ಮರಾಠಿ, ಹಿಂದಿ ಮಾತಾಡಿದವರು ಕೂಡ ಮರೆವು ಬಂದ ಮೇಲೆ ಚಿಕ್ಕಂದಿನ ಮಾತಿಗೇ ಮರಳುವುದುಂಟು. ಆಗ ನೀರು ಕೇಳಿದ್ದು ಪಕ್ಕದವಳಿಗೆ ತಿಳಿಯದಿದ್ದರೆ ಹೇಗೆ? ಅದಕ್ಕೇ ಈ ಸಲ ಮಹಾರಾಷ್ಟ್ರದ ಗಡಿಭಾಗದ ಅಕ್ಕಲಕೋಟೆ, ಜತ್ತ ಕಡೆಯವರನ್ನು ಹುಡುಕಿ ಸೇರಿಸಿಕೊಂಡಿದ್ದೇವೆ. ಅವರಿಗೆ ಕನ್ನಡ, ಮರಾಠಿ ಎರಡೂ ಮನೆಮಾತಿನಷ್ಟು ಸಲೀಸು. ಉಡುಪಿ ಕಡೆಯ ಅಜ್ಜಂದಿರಿಗೆ ಅವರ "ಊಟ ಮಾಡ್ರಿ, ಏಳ್ರಿ" ಮೊದಮೊದಲು ವಿಚಿತ್ರ ಅನಿಸಿದರೂ ಈಗ ಖುಷಿಯಿಂದ ಮಾತಾಡುತ್ತಾರೆ. ಮರಾಠಿಯವರಿಗೂ ನೋವು, ನೀರು, ಚಳಿ, ಹಸಿವು, ಬಚ್ಚಲು ಇಂಥ ಮಾತುಗಳನ್ನು ಕನ್ನಡದಲ್ಲಿ ಕಲಿಸುತ್ತಿದ್ದೇವೆ. ತುಳು ಬಲ್ಲವರು ನಿಮ್ಮ ಪರಿಚಯದಲ್ಲಿದ್ದರೆ ಖಂಡಿತ ಕಳಿಸಿ.

ಎರಡನೇ ಕಟ್ಟಡ ಯಾವಾಗ ಎಂದು ಕಾಯುವ ಪಟ್ಟಿಯಲ್ಲಿರುವವರು ಕೇಳುತ್ತಿದ್ದಾರೆ. ಈಗಿರುವ ಪ್ರತಿ ಪಾಳಿಯೂ ನಮ್ಮದೇ ಜನರಿಂದ ತುಂಬುವವರೆಗೆ ಒಂದು ಹಾಸಿಗೆಯನ್ನೂ ಹೆಚ್ಚಿಸುವುದಿಲ್ಲ.

ಹೊಸ ಫೀ ಕಟ್ಟಲು ಕಷ್ಟವಾಗುವವರು ಯಾರ ಮುಂದೆಯೂ ಹೇಳಿಕೊಳ್ಳಬೇಕಿಲ್ಲ. ನೇರವಾಗಿ ನನಗೆ ಫೋನ್ ಮಾಡಿ, ನನ್ನ ನಂಬರು ನಿಮ್ಮೆಲ್ಲರ ಬಳಿ ಇದೆ. ಮಾತು ನನ್ನಲ್ಲೇ ಉಳಿಯುತ್ತದೆ. ದೇಣಿಗೆ ಹಣದಲ್ಲಿ ಇದಕ್ಕೆಂದೇ ಒಂದು ಪಾಲು ತೆಗೆದಿಟ್ಟಿದ್ದೇವೆ. ಫೀ ಕಾರಣಕ್ಕೆ ಯಾವ ಹಿರಿಯರನ್ನೂ ಇಲ್ಲಿಂದ ಕಳಿಸುವುದಿಲ್ಲ. ಇದು ನನ್ನ ಮಾತು.

ಮಾರ್ಚ್ ಕೊನೆಯ ಶನಿವಾರ ಸಂಜೆ 4ಕ್ಕೆ ಊಟದ ಕೋಣೆಯಲ್ಲಿ ಸಭೆ ಇದೆ. ಮೆಗಾಬ್ಲಾಕ್ ತಪ್ಪಿಸಲು ಭಾನುವಾರ ಇಟ್ಟಿಲ್ಲ. ಲೆಕ್ಕದ ಪುಸ್ತಕ ಮೇಜಿನ ಮೇಲಿರುತ್ತದೆ, ಯಾವ ಪುಟವನ್ನಾದರೂ ತೆಗೆದು ನೋಡಿ ಕೇಳಬಹುದು. ಹೊಸ ಪಾಳಿಯವರೂ ಇರುತ್ತಾರೆ. ನಿಮ್ಮ ತಂದೆಗೆ ಚಹಾ ಎಷ್ಟು ಸಿಹಿ ಬೇಕು, ಯಾವ ಮಗ್ಗುಲಿಗೆ ಮಲಗಿದರೆ ನಿದ್ದೆ ಬರುತ್ತದೆ ಎಂದು ಅವರಿಗೆ ನೀವೇ ಹೇಳಿಕೊಡಿ.

ನಿಮ್ಮ,
ಕಾರ್ಯದರ್ಶಿ
ಮುಲುಂಡ್, ಮುಂಬೈ